ಇಲಿ ಪಾಷಾಣ ತಿಂದ ಮರಿಗೆ ಉಪ್ಪುನೀರು ಬೇಡ

ನಾಯಿಮರಿ ಇಲಿ ಪಾಷಾಣಕ್ಕೆ ಬಾಯಿ ಹಾಕಿದೆ ಎಂದು ಗೊತ್ತಾದೊಡನೆ ಮನೆಮಂದಿ ಓಡುವುದು ಅಡುಗೆಮನೆಗೆ. ಒಬ್ಬರು ಉಪ್ಪುನೀರು ಕದಡುತ್ತಾರೆ, ಇನ್ನೊಬ್ಬರು ಹಾಲು ತರುತ್ತಾರೆ. ನಿಜಕ್ಕೂ ಮೊದಲು ಹುಡುಕಬೇಕಾದದ್ದು ಪಾಷಾಣದ ಪೊಟ್ಟಣವನ್ನು. ಹೆಸರು ಒಂದೇ ಆದರೂ ಅಂಗಡಿಯಲ್ಲಿ ಸಿಗುವ ಪಾಷಾಣಗಳು ಬೇರೆ ಬೇರೆ. ಬೆಳ್ಳುಳ್ಳಿಯಂತೆ ನಾರುವ ಬೂದುಗಪ್ಪು ಪುಡಿಯಾದರೆ ಬಹುಮಟ್ಟಿಗೆ ಅದು ಜಿಂಕ್ ಫಾಸ್ಫೈಡ್. ಹೊಟ್ಟೆಯ ಆಮ್ಲ ತಾಗಿದರೆ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಏಳುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ಅಕ್ಕರೆಯಿಂದ ಹಾಲು-ಅನ್ನ ತಿನ್ನಿಸಿದರೆ ಆಮ್ಲ ಇನ್ನಷ್ಟು ಸುರಿದು ಅನಿಲವೂ ಹೆಚ್ಚುತ್ತದೆ. ಆಸ್ಪತ್ರೆಗೆ ಹೋಗುವಾಗ ಮರಿ ವಾಂತಿ ಮಾಡಿಕೊಂಡರೆ ಜೊತೆಗಿದ್ದವರೂ ಅದನ್ನು ಉಸಿರಾಡಬೇಕಾದೀತು. ಕಾರಿನ ಕಿಟಕಿ ತೆರೆದೇ ಇರಲಿ. ಬ್ರೋಮಾಡಿಯೋಲೋನ್ ಬಿಲ್ಲೆಯ ದಾರಿಯೇ ಬೇರೆ. ಅದು ವಿಟಮಿನ್ ಕೆ ಮಾಡುವ ಕೆಲಸವನ್ನು ತಡೆದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ತಿಂದ ದಿನ ಮರಿ ಬಾಲ ಅಲ್ಲಾಡಿಸುತ್ತಲೇ ಓಡಾಡಿಕೊಂಡಿರುತ್ತದೆ. ಮೂರ್ನಾಲ್ಕು ದಿನ ಕಳೆದ ಮೇಲೆ ಒಸಡು ಬಿಳಿಚಿಕೊಂಡು ಏದುಸಿರು ಬಿಡತೊಡಗುತ್ತದೆ. ಬೇಗ ಹೋದರೆ ವಿಟಮಿನ್ ಕೆ1 ಕೊಟ್ಟು ಉಳಿಸಬಹುದು, ಅದನ್ನೂ ವಾರಗಟ್ಟಲೆ ಕೊಡಬೇಕು. ‘ಚೆನ್ನಾಗಿಯೇ ಇದೆಯಲ್ಲ, ನಾಳೆ ನೋಡೋಣ’ ಎಂಬ ಮಾತು ಇಲ್ಲಿ ದುಬಾರಿ.

ವಾಂತಿಯಾದರೆ ವಿಷ ಹೊರಬೀಳುತ್ತದಲ್ಲವೇ? ಹೌದು, ತಿಂದ ಒಂದೆರಡು ಗಂಟೆಯೊಳಗೆ ಪಶುವೈದ್ಯರೂ ವಾಂತಿ ಮಾಡಿಸುತ್ತಾರೆ, ಆದರೆ ಮದ್ದು ಕೊಟ್ಟು, ಅದೂ ತಿಂದದ್ದು ಏನೆಂದು ತಿಳಿದ ಮೇಲೆ. ಉಪ್ಪುನೀರಿಗೆ ವಾಂತಿ ಬಂದೇ ಬರುತ್ತದೆಂಬ ಖಾತ್ರಿಯಿಲ್ಲ. ಬಾರದಿದ್ದರೆ ಆ ಉಪ್ಪೇ ರಕ್ತಕ್ಕೆ ಸೇರಿ ಮಿದುಳನ್ನು ಕೆಡಿಸಿ ಫಿಟ್ಸ್ ತರಿಸಬಲ್ಲದು. ಮೂರು ಕಿಲೋ ತೂಗುವ ಮರಿಗೆ ಎಷ್ಟು ಉಪ್ಪು ತಾನೇ ಬೇಕು! ಟಾಯ್ಲೆಟ್ ತೊಳೆಯುವ ಆ್ಯಸಿಡ್ ನೆಕ್ಕಿದ್ದರೆ ವಾಂತಿಯಲ್ಲಿ ಗಂಟಲು ಎರಡನೇ ಸಲ ಸುಡುತ್ತದೆ, ಸೀಮೆಎಣ್ಣೆಯಾದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಬೀದಿನಾಯಿಗಳು ಕಂಡದ್ದೆಲ್ಲ ತಿಂದೂ ಬದುಕಿಲ್ಲವೇ ಎನ್ನುವವರಿದ್ದಾರೆ. ನಮ್ಮ ಕಣ್ಣಿಗೆ ಬೀಳುವುದು ಬದುಕಿ ಉಳಿದವು ಮಾತ್ರ.

ಪಶು ಆಸ್ಪತ್ರೆ ಮೂವತ್ತು ಕಿಲೋಮೀಟರ್ ದೂರ ಎಂಬ ಆಕ್ಷೇಪ ಮಾತ್ರ ತೂಕದ್ದು. ಆದರೆ ದೂರವಿದ್ದಷ್ಟೂ ಮೊದಲೇ ಫೋನ್ ಮಾಡುವುದು ಮುಖ್ಯವಾಗುತ್ತದೆ. ಏನು ತಿಂದಿತು, ಎಷ್ಟು, ಯಾವಾಗ, ಮರಿಯ ತೂಕವೆಷ್ಟು ಎಂಬುದು ತಿಳಿದರೆ ಹೊರಡುವ ಮುನ್ನ ಏನು ಮಾಡಬೇಕೆಂದು ವೈದ್ಯರು ಹೇಳಬಲ್ಲರು. ಪೊಟ್ಟಣದ ಮೇಲೆ ಓರೆಯಾಗಿ ನಿಂತ ಒಂದು ಚೌಕವಿರುತ್ತದೆ. ಅದರ ಕೆಳಗಿನ ತ್ರಿಕೋನ ಕೆಂಪಾಗಿದ್ದರೆ ವಿಷ ಅತಿ ತೀವ್ರ. ಹಳದಿ, ನೀಲಿ, ಹಸಿರು ಎಂದು ತೀವ್ರತೆ ಇಳಿಯುತ್ತಾ ಹೋಗುತ್ತದೆ. ವಿಷದ ಹೆಸರು, ಪ್ರತಿವಿಷದ ಮಾಹಿತಿ ಅಲ್ಲೇ ಸಣ್ಣ ಅಕ್ಷರದಲ್ಲಿರುತ್ತದೆ. ಮರಿ ಅದನ್ನು ಹರಿದು ಚಿಂದಿ ಮಾಡಿದ್ದರೂ ಚೂರುಗಳನ್ನೆಲ್ಲ ಆಯ್ದು ಒಂದು ಕವರಿಗೆ ಹಾಕಿಕೊಂಡು ಹೊರಡಿ.