ಲಾಂಡ್ರಿ ಚೀಟಿಯ ಸಣ್ಣಕ್ಷರ

ಹೋಟೆಲ್ ಕೋಣೆಯ ಬೀರುವಿನಲ್ಲಿ ತೂಗುವ ಲಾಂಡ್ರಿ ಚೀಲದ ಜೊತೆ ಒಂದು ಚೀಟಿ ಇರುತ್ತದೆ. ಷರ್ಟು, ಪ್ಯಾಂಟು, ಸೀರೆ, ಕುರ್ತಾ ಎಂದು ಸಾಲು ಸಾಲು ಪಟ್ಟಿ. ಎದುರಿಗೆ ಎರಡು ಕಾಲಂ. ಒಂದು ಅತಿಥಿಯ ಲೆಕ್ಕ, ಇನ್ನೊಂದು ಹೋಟೆಲಿನದು. ಅವಸರದಲ್ಲಿ ನಾವು ಮೊದಲನೆಯದನ್ನು ಖಾಲಿ ಬಿಟ್ಟು ಸಹಿ ಗೀಚುತ್ತೇವೆ. ಬುಡದ ಸಣ್ಣಕ್ಷರವನ್ನಂತೂ ಓದುವವರಿಲ್ಲ. ಅಲ್ಲಿ ಸಾಮಾನ್ಯವಾಗಿ ಎರಡು ಮಾತಿರುತ್ತವೆ: ಅತಿಥಿ ಲೆಕ್ಕ ಬರೆಯದಿದ್ದರೆ ಹೋಟೆಲಿನ ಲೆಕ್ಕವೇ ಅಂತಿಮ, ಬಟ್ಟೆ ಕಳೆದರೆ ಪರಿಹಾರ ಒಗೆತದ ದರದ ಹತ್ತು ಪಟ್ಟು ಮೀರದು.

ಹತ್ತು ಪಟ್ಟು ಎಂದರೆ ಕೇಳಲು ಜೋರಾಗಿದೆ. ಮದುವೆಗೆಂದು ತಂದ 15 ಸಾವಿರ ರೂಪಾಯಿಯ ಮೈಸೂರು ಸಿಲ್ಕ್ ಸೀರೆಯನ್ನು 200 ರೂಪಾಯಿಯ ಇಸ್ತ್ರಿಗೆ ಕೊಟ್ಟಿರೆನ್ನಿ. ಕಳೆದರೆ ಕೈಗೆ ಬರುವುದು ಎರಡು ಸಾವಿರ!

ಅಚ್ಚಾದ ಮಾತ್ರಕ್ಕೆ ಅದು ಕಾನೂನಾಗುವುದಿಲ್ಲ. ಒಗೆಯಲು ಕೊಟ್ಟ ಬಟ್ಟೆ ನಮ್ಮದೇ. ಹೋಟೆಲ್ ಅದನ್ನು ಇಟ್ಟುಕೊಂಡು ಮರಳಿಸಬೇಕಾದ ಪಾಲಕ ಮಾತ್ರ. ವಿವೇಕಿಯೊಬ್ಬ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರ ಅದಕ್ಕಿರಬೇಕು ಎನ್ನುತ್ತದೆ 1872ರ ಕರಾರು ಕಾಯ್ದೆಯ 151ನೇ ಕಲಂ. ಅಷ್ಟು ಎಚ್ಚರ ವಹಿಸಿಯೂ ನಷ್ಟವಾದರೆ 152ನೇ ಕಲಂ ಹೋಟೆಲಿನ ಕೈ ಹಿಡಿಯುತ್ತದೆ. ಅದು ನ್ಯಾಯವೇ.

ಡ್ರೈಕ್ಲೀನಿಂಗಿಗೆ ಕೊಟ್ಟ ಹೊಸ ಸೀರೆ ಕಳೆದ ಪ್ರಕರಣವೊಂದು 1960ರ ದಶಕದಲ್ಲೇ ಮದ್ರಾಸ್ ಹೈಕೋರ್ಟಿಗೆ ಹೋಗಿತ್ತು. ಮಾರುಕಟ್ಟೆ ಬೆಲೆಯ ಅರ್ಧ ಮಾತ್ರ ಕೊಡುತ್ತೇವೆಂದು ರಸೀದಿಯಲ್ಲಿ ಅಚ್ಚಾಗಿತ್ತು. ಇಂಥ ಷರತ್ತನ್ನು ಒಪ್ಪಿದರೆ ಅಂಗಡಿಯವನು ಹೊಸ ಬಟ್ಟೆಯನ್ನು ಅರ್ಧ ಬೆಲೆಗೆ ತನ್ನದಾಗಿಸಿಕೊಳ್ಳಬಹುದಲ್ಲ? ನ್ಯಾಯಾಲಯ ಅದನ್ನು ಸಾರ್ವಜನಿಕ ಹಿತಕ್ಕೆ ವಿರುದ್ಧವೆಂದು ತಳ್ಳಿಹಾಕಿತು. ಹತ್ತು ಪಟ್ಟಿನ ಷರತ್ತಿಗೂ ಇದೇ ತರ್ಕ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ.

2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಇನ್ನಷ್ಟು ಗಟ್ಟಿಯಾಗಿ ಮಾತಾಡಿತು. 1998ರಲ್ಲಿ ದೆಹಲಿಯ ತಾಜ್‌ಮಹಲ್ ಹೋಟೆಲಿನ ಸಿಬ್ಬಂದಿಗೆ ನಿಲ್ಲಿಸಲು ಕೊಟ್ಟ ಮಾರುತಿ ಝೆನ್ ಕಾರು ಕಳುವಾದ ಪ್ರಕರಣ ಅದು. ಚೀಟಿಯಲ್ಲಿ ‘ಮಾಲೀಕರ ಸ್ವಂತ ಜವಾಬ್ದಾರಿ’ ಎಂದಿತ್ತು. ಹಾವೇರಿ ಜಿಲ್ಲೆಯವರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ ಅವರಿದ್ದ ಪೀಠ, ತನ್ನ ಅಥವಾ ನೌಕರರ ನಿರ್ಲಕ್ಷ್ಯದ ಹೊಣೆಯಿಂದ ಹೋಟೆಲು ಚೀಟಿ ತೋರಿಸಿ ಜಾರಿಕೊಳ್ಳಲಾಗದು ಎಂದಿತು. ನಿರ್ಲಕ್ಷ್ಯವಿರಲಿಲ್ಲವೆಂದು ಮೊದಲು ತೋರಿಸಬೇಕಾದದ್ದೂ ಹೋಟೆಲೇ. ತೀರ್ಪು ಕಾರಿನದು, ನಿಜ. ಆದರೆ ಕಾರಿನ ಕೀಲಿಗಿರುವ ಮರ್ಯಾದೆ ಕೋಟಿಗೇಕೆ ಬೇಡ? ‘ಬಟ್ಟೆ ಹೊರಗಿನ ಲಾಂಡ್ರಿಗೆ ಹೋಗಿತ್ತು’ ಎಂಬ ಸಬೂಬೂ ನಡೆಯಬಾರದು. ನಾವು ಬಟ್ಟೆ ಕೊಟ್ಟದ್ದು ಹೋಟೆಲಿಗೆ, ಬಿಲ್ಲು ತೆತ್ತದ್ದೂ ಹೋಟೆಲಿಗೆ.

ಹಾಗೆಂದು ಅತಿಥಿ ನಿರಾಳವಾಗಿ ಕೂರುವಂತಿಲ್ಲ. ಲೆಕ್ಕದ ಕಾಲಂ ತುಂಬಿ, ಬೆಲೆಬಾಳುವ ಬಟ್ಟೆಯಿದ್ದರೆ ಚೀಟಿಯಲ್ಲೇ ನಮೂದಿಸಿ, ಚೀಟಿ ಮತ್ತು ಬಟ್ಟೆಯ ಫೋಟೊ ತೆಗೆದಿಟ್ಟುಕೊಳ್ಳಿ. ಕಳೆದರೆ ಕೋಣೆ ಖಾಲಿ ಮಾಡುವ ಮೊದಲೇ ಬರವಣಿಗೆಯಲ್ಲಿ ದೂರು ಕೊಡಿ. ಹೋಟೆಲು ಗೋವಾದಲ್ಲಿರಲಿ, ಜೈಪುರದಲ್ಲಿರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವಿರುವ ಊರಿನ ಜಿಲ್ಲಾ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಒಂದು ಕರೆ ಮಾಡಿ ನೋಡಿ.