ಕಳವಿನ ಕಾರು, ಕೊಂಡವನ ಪಾಡು

ಕಾರು ಒಂದು ಕಾಲಕ್ಕೆ ಸಿರಿವಂತರ ಸೊತ್ತಾಗಿತ್ತು. ಈಗ ಗುಮಾಸ್ತರೂ ಉಪಾಧ್ಯಾಯರೂ ಸಣ್ಣ ಅಂಗಡಿಯವರೂ ಸೆಕೆಂಡ್ ಹ್ಯಾಂಡ್ ಕಾರನ್ನಾದರೂ ಕೊಳ್ಳುವುದುಂಟು. ಕೊಳ್ಳುವಾಗ ನಾವು ಎಂಜಿನ್ನಿನ ಸದ್ದು ಕೇಳುತ್ತೇವೆ, ಟೈರು ಒತ್ತಿ ನೋಡುತ್ತೇವೆ, ಎಷ್ಟು ಕಿಲೋಮೀಟರ್ ಓಡಿದೆಯೆಂದು ವಿಚಾರಿಸುತ್ತೇವೆ. ಆದರೆ "ಇದು ನಿಮ್ಮದೇ ಏನು?" ಎಂದು ಮಾರುವವನನ್ನು ಕೇಳಲು ಮಾತ್ರ ಸಂಕೋಚಪಡುತ್ತೇವೆ. ಈ ಲೇಖನವೆಲ್ಲ ಆ ಒಂದು ಪ್ರಶ್ನೆಯನ್ನು ಕುರಿತದ್ದು.

ಮಾರಿದವನ ಕೈಗೆ ಕಾರು ಕಳವಿನಿಂದ ಬಂದಿದ್ದು, ಕೊಂಡವನಿಗೆ ಅದರ ಸುಳಿವೇ ಇಲ್ಲದಿದ್ದರೆ ಕಾರು ಯಾರದು? ಕೊಂಡವನು ಅಪರಾಧಿಯೆ? ಅವನು ಕೊಟ್ಟ ಹಣದ ಗತಿಯೇನು? ಇವು ಮೂರು ಬೇರೆ ಬೇರೆ ಪ್ರಶ್ನೆಗಳು; ಉತ್ತರಗಳೂ ಬೇರೆ ಬೇರೆ. ಇವನ್ನು ಒಂದರಲ್ಲೊಂದು ಕಲಸಿಬಿಡುವುದರಿಂದಲೇ ಕೆಲವರು ವೃಥಾ ಹೆದರುತ್ತಾರೆ, ಕೆಲವರು ವೃಥಾ ಧೈರ್ಯ ತಾಳುತ್ತಾರೆ.

ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಪುಸ್ತಕದಿಂದಲ್ಲ. ನಮ್ಮ ಬೀದಿಯಲ್ಲಿ ನಿವೃತ್ತ ಪ್ರಾಥಮಿಕ ಶಾಲಾ ಉಪಾಧ್ಯಾಯರೊಬ್ಬರಿದ್ದಾರೆ. ನಮ್ಮಲ್ಲಿ ಅನೇಕರಿಗೆ ಅಕ್ಷರ ಕಲಿಸಿದವರು. ಪತ್ನಿಯನ್ನು ವಾರಕ್ಕೆರಡು ಬಾರಿ ಡಯಾಲಿಸಿಸಿಗಾಗಿ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಬೇಕಾಗಿದ್ದುದರಿಂದ, ನಿವೃತ್ತಿಯ ಹಣದಲ್ಲಿ ೨,೮೦,೦೦೦ ರೂಪಾಯಿ ತೆತ್ತು ಬಿಳಿಯ ಕಾರೊಂದನ್ನು ಕೊಂಡರು. ಆರ್.ಸಿ. ಇತ್ತು, ವಿಮೆಯಿತ್ತು, ಆರ್.ಟಿ.ಓ. ಕಚೇರಿಯಲ್ಲಿ ಹೆಸರೂ ವರ್ಗವಾಯಿತು. ಎಂಟು ತಿಂಗಳ ಮೇಲೆ ಬೇರೆ ಜಿಲ್ಲೆಯ ಪೊಲೀಸರು ಬಂದು, ಪಂಚರ ಸಮಕ್ಷಮ ಮಹಜರು ಬರೆದು, ಕಾರನ್ನು ಜಪ್ತಿ ಮಾಡಿಕೊಂಡು ಹೋದರು. ಅಂದು ಸಂಜೆ ಮೇಷ್ಟ್ರು ನನ್ನನ್ನು ಕೇಳಿದ್ದು ಒಂದೇ ಮಾತು: "ಏನಪ್ಪಾ, ಕಾಲೇಜಿನಲ್ಲಿ ಓದುತ್ತೀಯಲ್ಲ, ಹೇಳು. ಕಾರು ಕಳವಿನದೇ ಇರಬಹುದು. ನಾನು ಕೊಟ್ಟ ದುಡ್ಡು ಕಳವಿನದೇನು?" ಉತ್ತರವನ್ನು ಅರಸಿಕೊಂಡು ಗ್ರಂಥಾಲಯಕ್ಕೆ ಹೋದೆ, ವಕೀಲರೊಬ್ಬರನ್ನೂ ಕಂಡೆ. ತಿಳಿದುಬಂದುದನ್ನು ಇಲ್ಲಿ ನಿವೇದಿಸುತ್ತೇನೆ.

ಕಾರು ಯಾರದು?

ತನ್ನದಲ್ಲದ್ದನ್ನು ಯಾರೂ ಇನ್ನೊಬ್ಬರಿಗೆ ಕೊಡಲಾರರು ಎಂಬುದು ಇಲ್ಲಿಯ ಮೂಲಸೂತ್ರ. ನಮ್ಮ ದೇಶದ ೧೯೩೦ರ ಸರಕು ಮಾರಾಟ ಕಾಯಿದೆಯ ೨೭ನೆಯ ಕಲಮು ಇದನ್ನೇ ವಿಧಿಸುತ್ತದೆ: ಒಡೆಯನಲ್ಲದವನು, ಒಡೆಯನ ಅಧಿಕಾರವಾಗಲಿ ಒಪ್ಪಿಗೆಯಾಗಲಿ ಇಲ್ಲದೆ ಮಾರಿದರೆ, ಮಾರಿದವನಿಗೆ ಎಷ್ಟು ಹಕ್ಕಿತ್ತೋ ಅಷ್ಟೇ ಕೊಂಡವನಿಗೆ ಬರುತ್ತದೆ. ಕಳ್ಳನ ಹಕ್ಕು ಸೊನ್ನೆ. ಆದುದರಿಂದ ಅವನಿಂದ ಕೊಂಡವನ ಹಕ್ಕೂ ಸೊನ್ನೆ. ಅವನಿಂದ ಮತ್ತೊಬ್ಬ, ಮತ್ತೊಬ್ಬನಿಂದ ಇನ್ನೊಬ್ಬ ಕೊಂಡರೂ ಸೊನ್ನೆ ಸೊನ್ನೆಯೇ. ಬೆಲೆ ಪೂರ್ತಿ ಕೊಟ್ಟಿದ್ದರಿಂದಾಗಲಿ, ಮನಸ್ಸು ಶುದ್ಧವಾಗಿದ್ದುದರಿಂದಾಗಲಿ ಅದು ಒಂದಾಗುವುದಿಲ್ಲ.

ಹಾಗಾದರೆ ಆರ್.ಸಿ.ಯಲ್ಲಿ ಹೆಸರು ಬಂದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ನೋಂದಣಿ ಎಂಬುದು ವಾಹನ ಯಾರ ಹೆಸರಿನಲ್ಲಿದೆಯೆಂಬುದಕ್ಕೆ ಸರ್ಕಾರದ ದಾಖಲೆ. ಅದು ಒಡೆತನಕ್ಕೆ ಪುರಾವೆಯಾಗಬಹುದೇ ಹೊರತು, ಇಲ್ಲದ ಒಡೆತನವನ್ನು ಹುಟ್ಟಿಸಲಾರದು.

ಇದು ಇಂಗ್ಲೀಷರು ತಂದ ನಿಯಮವೆಂದು ನಾನು ಭಾವಿಸಿದ್ದೆ. ನಮ್ಮ ಇತಿಹಾಸದ ಅಧ್ಯಾಪಕರು ಬೇರೊಂದು ದಾರಿ ತೋರಿಸಿದರು. ಮನುಸ್ಮೃತಿ ಎಣಿಸುವ ಹದಿನೆಂಟು ವ್ಯವಹಾರಪದಗಳಲ್ಲಿ ಮೂರನೆಯದು 'ಅಸ್ವಾಮಿವಿಕ್ರಯ', ಅಂದರೆ ಒಡೆಯನಲ್ಲದವನು ಮಾಡಿದ ಮಾರಾಟ. ಯಾಜ್ಞವಲ್ಕ್ಯಸ್ಮೃತಿಯೂ ಇದನ್ನು ವಿಚಾರಿಸುತ್ತದೆ. ಆ ಸ್ಮೃತಿಗೆ 'ಮಿತಾಕ್ಷರಾ' ಎಂಬ ಪ್ರಸಿದ್ಧ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಇದ್ದುದು ನಮ್ಮ ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣದಲ್ಲಿ. ೧೦೭೬ರಿಂದ ೧೧೨೬ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಅಲ್ಲಿಯ ತಾತ್ಪರ್ಯ ಹೀಗಿದೆ: ಕಳೆದುಕೊಂಡವನಿಗೆ ತನ್ನ ವಸ್ತು ಸೇರತಕ್ಕದ್ದು. ಅನುಕೂಲವಿಲ್ಲದವನಿಂದ, ಗುಟ್ಟಿನಲ್ಲಿ, ತೀರ ಅಗ್ಗಕ್ಕೆ, ಹೊತ್ತಲ್ಲದ ಹೊತ್ತಿನಲ್ಲಿ ಕೊಂಡವನನ್ನು ಕಳ್ಳನಂತೆಯೇ ಕಾಣಬೇಕು. ಆದರೆ ಮಾರಿದವನನ್ನು ಮುಂದೆ ತಂದು ತೋರಿಸಿದರೆ ಕೊಂಡವನ ಮೇಲಿನ ದೋಷ ತೊಳೆದುಹೋಗುತ್ತದೆ. ಅರಸನು ದಂಡ ವಸೂಲು ಮಾಡುತ್ತಾನೆ, ಕೊಂಡವನು ತನ್ನ ಬೆಲೆಯನ್ನು ಮಾರಿದವನಿಂದಲೇ ಪಡೆಯುತ್ತಾನೆ. ನನ್ನ ಮೂರು ಪ್ರಶ್ನೆಗಳಿಗೂ ಇಲ್ಲಿ ಉತ್ತರವಿದೆ. ಇಂದಿನ ಕಾನೂನಿನ ಉತ್ತರವೂ ಹೆಚ್ಚುಕಡಮೆ ಇದೇ.

ನಿಯಮ ಕಠಿಣವೆಂದು ತೋರುವುದು ಸಹಜ. ಇಂಗ್ಲೆಂಡಿನಲ್ಲಿ ಬಹುಕಾಲ ಇದಕ್ಕೆ ಒಂದು ವಿನಾಯಿತಿಯಿತ್ತು: ವಾಡಿಕೆಯ ಬಹಿರಂಗ ಸಂತೆಯಲ್ಲಿ, ಹಗಲು ಹೊತ್ತಿನಲ್ಲಿ, ಪ್ರಾಮಾಣಿಕವಾಗಿ ಕೊಂಡವನಿಗೆ ಕಳವಿನ ಮಾಲಿನ ಮೇಲೂ ಹಕ್ಕು ಬರುತ್ತಿತ್ತು. ಅದು ಕಳ್ಳರಿಗೇ ಅನುಕೂಲವಾಯಿತೆಂಬ ದೂರಿನ ಮೇಲೆ ೧೯೯೪ರ ಕಾಯಿದೆಯಿಂದ ಅದನ್ನು ರದ್ದು ಮಾಡಿದರು. ವಾಸ್ತವವಾಗಿ ಇಲ್ಲಿ ಇಬ್ಬರು ನಿರಪರಾಧಿಗಳಿದ್ದಾರೆ: ಕಳೆದುಕೊಂಡವನೊಬ್ಬ, ಕೊಂಡವನೊಬ್ಬ. ಕಾರು ಒಂದೇ. ರಾತ್ರಿ ಮನೆಯ ಮುಂದೆ ನಿಲ್ಲಿಸಿದ್ದ ಕಾರನ್ನು ಕಳೆದುಕೊಂಡವನಿಗೆ ಕಳ್ಳನನ್ನು ಆರಿಸಿಕೊಳ್ಳುವ ಅವಕಾಶವಿರಲಿಲ್ಲ. ಕೊಂಡವನಿಗೆ ಮಾರುವವನನ್ನು ಆರಿಸಿಕೊಳ್ಳುವ ಅವಕಾಶವಿತ್ತು. ಕಾನೂನು ಮೊದಲನೆಯವನ ಕಡೆ ವಾಲಲು ಇದೊಂದು ಕಾರಣವೆಂದು ನನಗೆ ತೋರುತ್ತದೆ. ವಿಮಾ ಕಂಪನಿಯು ಮೂಲ ಒಡೆಯನಿಗೆ ಪರಿಹಾರ ಕೊಟ್ಟುಬಿಟ್ಟಿದ್ದರೆ ಕಾರಿನ ಮೇಲಿನ ಅವನ ಹಕ್ಕು ಕಂಪನಿಗೆ ಸಲ್ಲುತ್ತದೆ; ಕೊಂಡವನಿಗಂತೂ ಅಲ್ಲ.

ಒಂದು ಭೇದವನ್ನು ಮಾತ್ರ ಮರೆಯಬಾರದು. ಕಳವು ಬೇರೆ, ಮೋಸದಿಂದ ಕೊಳ್ಳುವುದು ಬೇರೆ. ಒಡೆಯನೇ ಕಾರನ್ನು ಒಬ್ಬನಿಗೆ ಮಾರಿ, ಅವನು ಕೊಟ್ಟ ಚೆಕ್ಕು ಹುಸಿಯಾಯಿತೆನ್ನಿ. ಒಡೆಯನು ಆ ಮಾರಾಟವನ್ನು ರದ್ದುಪಡಿಸುವ ಮೊದಲೇ ಮೋಸಗಾರನಿಂದ ಮೂರನೆಯವನು ಏನೂ ಅರಿಯದೆ ಕೊಂಡಿದ್ದರೆ, ಅದೇ ಕಾಯಿದೆಯ ೨೯ನೆಯ ಕಲಮಿನಂತೆ ಅವನಿಗೆ ಒಳ್ಳೆಯ ಹಕ್ಕು ಬರುತ್ತದೆ. ಕಳ್ಳನ ವಿಷಯದಲ್ಲಿ ಇಂಥ ಆಸರೆಯಿಲ್ಲ. ಏಕೆಂದರೆ ಅಲ್ಲಿ ಒಡೆಯನ ಒಪ್ಪಿಗೆಯೆಂಬುದೇ ಇರಲಿಲ್ಲ.

ಕೊಂಡವನು ಅಪರಾಧಿಯೆ?

೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೩೧೭ನೆಯ ಕಲಮು ಕಳವಿನ ಸ್ವತ್ತನ್ನು ಕುರಿತದ್ದು. ಹಿಂದಿನ ದಂಡಸಂಹಿತೆಯಲ್ಲಿ ಇದು ೪೧೦ ಮತ್ತು ೪೧೧ನೆಯ ಕಲಮುಗಳಲ್ಲಿತ್ತು. ಕಳವಿನದೆಂದು ತಿಳಿದೋ, ಹಾಗೆ ನಂಬಲು ಕಾರಣವಿದ್ದೋ, ಅಪ್ರಾಮಾಣಿಕವಾಗಿ ಪಡೆದವನಿಗೆ ಅಥವಾ ಇಟ್ಟುಕೊಂಡವನಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಇಲ್ಲವೆ ದಂಡ, ಇಲ್ಲವೆ ಎರಡೂ ಆಗಬಹುದು. ಏನೂ ಅರಿಯದವನು ಅಪರಾಧಿಯಲ್ಲ.

ಆದರೆ "ನಂಬಲು ಕಾರಣವಿದ್ದು" ಎಂಬ ಮಾತನ್ನು ಗಮನಿಸಬೇಕು. ಐದು ಲಕ್ಷ ಬಾಳುವುದನ್ನು ಒಂದು ಲಕ್ಷಕ್ಕೆ, ಕಾಗದವಿಲ್ಲದೆ, ರಸ್ತೆಯ ಬದಿಯಲ್ಲಿ ನಗದು ಎಣಿಸಿ ಕೊಂಡವನು "ನನಗೆ ತಿಳಿಯದು" ಎಂದರೆ ಯಾರು ನಂಬುತ್ತಾರೆ? ಕಳವಾದ ಸ್ವಲ್ಪ ಕಾಲದಲ್ಲೇ ಮಾಲು ಯಾರ ಬಳಿ ಸಿಕ್ಕಿತೋ ಅವನು ಅದರ ವಿವರ ಕೊಡಲಾರದಿದ್ದರೆ, ಅವನೇ ಕಳ್ಳನೆಂದು ಅಥವಾ ತಿಳಿದೇ ಕೊಂಡವನೆಂದು ನ್ಯಾಯಾಲಯ ಊಹಿಸಬಹುದು. ಇದು ಸಾಕ್ಷ್ಯ ಅಧಿನಿಯಮದ ೧೧೯ನೆಯ ಕಲಮಿನ ಉದಾಹರಣೆ. ಪ್ರಾಚೀನರು ಹೇಳಿದ ಅಗ್ಗದ ಬೆಲೆ, ಗುಟ್ಟು, ಹೊತ್ತಲ್ಲದ ಹೊತ್ತು ಇವೇ ಇಂದಿಗೂ ಅನುಮಾನದ ಗುರುತುಗಳು.

ನಮ್ಮ ಮೇಷ್ಟ್ರನ್ನು ಕಾಪಾಡಿದ್ದು ಅವರ ಶಿಸ್ತು. ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟಿದ್ದರು. ಮಾರಿದವನ ಗುರುತಿನ ಚೀಟಿಯ ನಕಲು, ಇಬ್ಬರು ಸಾಕ್ಷಿಗಳ ಸಹಿಯಿದ್ದ ಕರಾರುಪತ್ರ, ಮಾತುಕತೆಯ ದಿನ ಅವನ ಮನೆಯಲ್ಲೇ ತೆಗೆಸಿಕೊಂಡ ಭಾವಚಿತ್ರ ಎಲ್ಲವನ್ನೂ ಒಂದು ಕಡತದಲ್ಲಿ ಇಟ್ಟಿದ್ದರು. ತನಿಖೆಯವರು ಅವರನ್ನು ಆರೋಪಿಯನ್ನಾಗಿಸದೆ ಸಾಕ್ಷಿಯನ್ನಾಗಿಸಿದರು. ಮಾರಿದವನು ಸಿಕ್ಕಿಬಿದ್ದದ್ದೂ ಆ ಕಡತದಿಂದಲೇ.

ಇನ್ನೊಂದು ಎಚ್ಚರಿಕೆ. ಕೊಳ್ಳುವಾಗ ತಿಳಿದಿರದಿದ್ದರೂ ಮುಂದೆ ತಿಳಿದುಬಂದರೆ, ನಷ್ಟ ತುಂಬಿಕೊಳ್ಳಲೆಂದು ಕಾರನ್ನು ಬಚ್ಚಿಡುವುದೂ ಮತ್ತೊಬ್ಬನಿಗೆ ದಾಟಿಸುವುದೂ ಅಪರಾಧದ ದಾರಿ. ಅಲ್ಲಿಯವರೆಗೆ ನಿರಪರಾಧಿಯಾಗಿದ್ದವನು ಆ ಕ್ಷಣದಿಂದ ಅಪರಾಧಿಯಾಗುತ್ತಾನೆ. ಲಿಖಿತ ದೂರು ಕೊಟ್ಟು ಕಾರನ್ನು ಪೊಲೀಸರಿಗೆ ಒಪ್ಪಿಸುವುದೇ ಸರಿ.

ಹಣದ ಗತಿಯೇನು?

ಸರಕು ಮಾರಾಟ ಕಾಯಿದೆಯ ೧೪ನೆಯ ಕಲಮಿನಂತೆ ಪ್ರತಿಯೊಂದು ಮಾರಾಟದಲ್ಲೂ, ಬಾಯಿಬಿಟ್ಟು ಹೇಳದಿದ್ದರೂ, "ಇದನ್ನು ಮಾರಲು ನನಗೆ ಹಕ್ಕಿದೆ" ಎಂಬ ಷರತ್ತು ಅಡಗಿದೆ. ಅದು ಸುಳ್ಳಾದರೆ ಹಣ ಹಿಂದಕ್ಕೆ ಕೊಡಬೇಕು. ಈ ಬಗ್ಗೆ ೧೯೨೩ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ತೀರ್ಮಾನಿಸಿದ ರೋಲಂಡ್ ಮತ್ತು ಡಿವಾಲ್ ಎಂಬವರ ಮೊಕದ್ದಮೆ ಹೆಸರಾದದ್ದು. ರೋಲಂಡ್ ೩೩೪ ಪೌಂಡಿಗೆ ಕಾರೊಂದನ್ನು ಕೊಂಡು, ಬಣ್ಣ ಬಳಿಸಿ, ೪೦೦ ಪೌಂಡಿಗೆ ಮತ್ತೊಬ್ಬರಿಗೆ ಮಾರಿದ. ಕೆಲವು ತಿಂಗಳಲ್ಲಿ ಅದು ಕಳವಿನದೆಂದು ಪೊಲೀಸರು ಒಯ್ದರು. ತನ್ನ ಗಿರಾಕಿಗೆ ಹಣ ಹಿಂದಿರುಗಿಸಿ, ಡಿವಾಲ್ ಮೇಲೆ ರೋಲಂಡ್ ದಾವೆ ಹೂಡಿದ. ಕಾರನ್ನು ಅಷ್ಟು ದಿನ ಬಳಸಿದ್ದೀರಲ್ಲ, ಅದನ್ನು ಮುರಿದುಕೊಳ್ಳಬೇಡವೆ ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಕೊಂಡವನು ಬೆಲೆ ಕೊಟ್ಟದ್ದು ಒಡೆತನಕ್ಕೆ. ಅದು ದೊರೆಯಲೇ ಇಲ್ಲವಾದ್ದರಿಂದ ೩೩೪ ಪೌಂಡನ್ನೂ ಪೂರ್ತಿ ಕೊಡತಕ್ಕದ್ದೆಂದು ತೀರ್ಪಾಯಿತು. ಡಿವಾಲ್ ತಾನೂ ಅರಿಯದೆ ಮಾರಿದ್ದೆನೆಂಬುದು ಹಣದ ಪ್ರಶ್ನೆಯಲ್ಲಿ ರಕ್ಷಣೆಯಾಗಲಾರದು.

ಇನ್ನೊಂದು ಸಣ್ಣ ಆಸರೆ ನಮ್ಮ ನಾಗರಿಕ ಸುರಕ್ಷಾ ಸಂಹಿತೆಯ ೪೯೯ನೆಯ ಕಲಮಿನಲ್ಲಿದೆ. ಕಳ್ಳನಿಗೆ ಶಿಕ್ಷೆಯಾಗಿ, ಬಂಧನದ ಕಾಲದಲ್ಲಿ ಅವನ ಬಳಿ ಹಣ ಸಿಕ್ಕಿದ್ದರೆ, ವಸ್ತುವನ್ನು ಒಡೆಯನಿಗೆ ಹಿಂದಿರುಗಿಸುವಾಗ ಅರಿಯದೆ ಕೊಂಡವನಿಗೆ ಅವನು ಕೊಟ್ಟ ಬೆಲೆ ಮೀರದಂತೆ ಆ ಹಣದಿಂದ ಕೊಡಿಸಬಹುದು. ಹಣ ಸಿಕ್ಕಿದ್ದರೆ ಎಂಬ ಮಾತೇ ಇಲ್ಲಿ ದೊಡ್ಡದು. ಕಾನೂನು ಹಕ್ಕನ್ನು ಕೊಟ್ಟರೂ, ಖರ್ಚಾಗಿಹೋದ ದುಡ್ಡನ್ನು ತಂದುಕೊಡಲಾರದು. ಮೇಷ್ಟ್ರ ಸಿವಿಲ್ ದಾವೆ ಇನ್ನೂ ನಡೆದಿದೆ. ಪತ್ನಿಯನ್ನು ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದಾರೆ.

ವಂಚನೆಯ ಬಗೆ, ಕಾಣುವ ಬಗೆ

ಕಳವಿನ ಕಾರಿಗೆ ಆರ್.ಸಿ. ಹೇಗೆ ಬಂತು? ಅಪಘಾತದಲ್ಲಿ ನುಜ್ಜುಗುಜ್ಜಾದ ಕಾರನ್ನು ವಂಚಕರು ಗುಜರಿಯ ಬೆಲೆಗೆ ಕೊಳ್ಳುತ್ತಾರೆ. ಅವರಿಗೆ ಬೇಕಾದದ್ದು ಕಬ್ಬಿಣವಲ್ಲ, ಕಾಗದ. ಆಮೇಲೆ ಅದೇ ಮಾದರಿಯ, ಅದೇ ಬಣ್ಣದ ಕಾರನ್ನು ಕದ್ದು, ಅದರ ಚಾಸಿ ಸಂಖ್ಯೆಯನ್ನು ಉಜ್ಜಿ, ಸತ್ತ ಕಾರಿನ ಸಂಖ್ಯೆಯನ್ನು ಒತ್ತುತ್ತಾರೆ. ಕಾಗದ ನಿಜ, ಕಾರು ಸುಳ್ಳು. ಮೇಷ್ಟ್ರಿಗಾದದ್ದು ಇದೇ.

ಆದರೆ ಲೋಹ ಬೇಗ ಮರೆಯುವುದಿಲ್ಲ. ಉಕ್ಕಿನ ಮೇಲೆ ಅಂಕಿಯನ್ನು ಒತ್ತಿದಾಗ ಅಡಿಯ ಲೋಹವೂ ಬಿಗಿದಿರುತ್ತದೆ. ಮೇಲಿನದನ್ನು ಉಜ್ಜಿ ತೆಗೆದರೂ, ತಕ್ಕ ಆಮ್ಲವನ್ನು ಸವರಿದಾಗ ಆ ಭಾಗ ಉಳಿದುದಕ್ಕಿಂತ ಬೇರೆ ರೀತಿಯಲ್ಲಿ ಸವೆದು, ಹಳೆಯ ಅಂಕಿ ಮಸುಕಾಗಿ ಮೂಡುವುದುಂಟು. ವಿಧಿವಿಜ್ಞಾನ ಪ್ರಯೋಗಾಲಯದವರು ನಿಜವನ್ನು ಹೊರಗೆಡಹುವುದು ಹೀಗೆ.

ಸಾಮಾನ್ಯರು ಇಷ್ಟು ಮಾಡಬಹುದು. ಚಾಸಿ ಸಂಖ್ಯೆ ಹದಿನೇಳು ಅಕ್ಷರ ಮತ್ತು ಅಂಕಿಗಳದ್ದು. ಒಂದು ಮತ್ತು ಸೊನ್ನೆಯೊಡನೆ ಗೊಂದಲವಾಗದಿರಲೆಂದು ಅದರಲ್ಲಿ ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳಿರುವುದಿಲ್ಲ. ಆರ್.ಸಿ.ಯಲ್ಲಿರುವುದೂ ಲೋಹದ ಮೇಲಿರುವುದೂ ಒಂದೇ ಎಂದು ಕಣ್ಣಾರೆ ನೋಡಬೇಕು. ಸಾಲು ಓರೆಯಾಗಿದೆಯೆ, ಸುತ್ತ ಉಜ್ಜಿದ ಅಥವಾ ಬೆಸುಗೆಯ ಗುರುತಿದೆಯೆ ಎಂದು ಪರೀಕ್ಷಿಸಬೇಕು. ಈಚಿನ ಅನೇಕ ಕಾರುಗಳಲ್ಲಿ ಇದೇ ಸಂಖ್ಯೆ ಎಂಜಿನ್ನಿನ ಎಲೆಕ್ಟ್ರಾನಿಕ್ ಪೆಟ್ಟಿಗೆಯಲ್ಲೂ ಇರುತ್ತದೆ. ಕಂಪನಿಯ ಗ್ಯಾರೇಜಿನವರು ಯಂತ್ರ ಜೋಡಿಸಿ ಓದಬಲ್ಲರು. ವಾಹನ ಕಳವಾಗಿದೆಯೆಂದು ದೂರಿದೆಯೆ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಜಾಲತಾಣದಲ್ಲಿ ವಿಚಾರಿಸಬಹುದು. ಆದರೆ ಸತ್ತ ಕಾರಿನ ಸಂಖ್ಯೆಯನ್ನು ಕೊಟ್ಟು ಕೇಳಿದರೆ "ದೂರಿಲ್ಲ" ಎಂಬ ಉತ್ತರವೇ ಬರುವುದು. ಆದುದರಿಂದ ಆ ಸಂಖ್ಯೆಯ ಕಾರು ಹಿಂದೆ ಪೂರ್ಣ ನಷ್ಟವೆಂದು ಪರಿಹಾರ ಪಡೆದಿತ್ತೆ ಎಂದು ವಿಮಾ ಕಂಪನಿಯನ್ನೂ ಕೇಳಬೇಕು.

ಅಂಗಡಿಯಲ್ಲಿ ಕೊಳ್ಳುವುದಾದರೆ, ಹಳೆಯ ವಾಹನಗಳ ವ್ಯಾಪಾರಿಗಳಿಗೆ ಸಾರಿಗೆ ಇಲಾಖೆಯ ಅಧಿಕಾರಪತ್ರವಿರಬೇಕೆಂಬ ನಿಯಮ ೨೦೨೩ರ ಏಪ್ರಿಲ್ ೧ರಿಂದ ಇದೆ; ಅದನ್ನು ಕೇಳಲು ನಾಚಬೇಕಾಗಿಲ್ಲ. ೨೯ ಮತ್ತು ೩೦ನೆಯ ನಮೂನೆಗಳಿಗೆ ಸಹಿ ಹಾಕುವವನು ಆರ್.ಸಿ.ಯಲ್ಲಿರುವ ವ್ಯಕ್ತಿಯೇ ಎಂದು ಮುಖಾಮುಖಿ ನೋಡಬೇಕು. ದಲ್ಲಾಳಿಯ ಮಾತು ಸಾಲದು. ಒಮ್ಮೆಯಾದರೂ ಒಡೆಯನ ಮನೆಗೆ ಹೋಗಿ, ನೆರೆಯವರೊಡನೆ ಎರಡು ಮಾತಾಡಿ ಬರುವುದು ಮೇಲು. ಹಣವನ್ನು ಬ್ಯಾಂಕಿನ ಮೂಲಕ, ಅದೂ ಅವನ ಹೆಸರಿನ ಖಾತೆಗೇ ಕೊಡಬೇಕು.

ಇವೆಲ್ಲವನ್ನೂ ಮಾಡಿದ ಮೇಲೂ ಮೋಸ ನಡೆಯಲಾರದೆಂದು ನಾನು ಹೇಳುವುದಿಲ್ಲ. ಹಾಗೆ ನಡೆದರೆ ಕಾರು ಉಳಿಯುವುದಿಲ್ಲ. ಮಾನ ಉಳಿಯುತ್ತದೆ, ಹಣ ಕೇಳುವ ಹಕ್ಕು ಉಳಿಯುತ್ತದೆ. ಮಾರಿದವನನ್ನು ತೋರಿಸಬಲ್ಲವನೇ ಶುದ್ಧನೆಂಬ ಹಳೆಯ ನ್ಯಾಯ ಇನ್ನೂ ಹಳತಾಗಿಲ್ಲ. ನಮ್ಮ ಸಹಪಾಠಿಗಳಲ್ಲಿ ಅನೇಕರು ಕಾಲೇಜು ಬಿಟ್ಟ ಕೆಲವೇ ವರ್ಷಗಳಲ್ಲಿ ಬೈಕನ್ನೋ ಕಾರನ್ನೋ ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳುವವರೇ. ಅಂದು ಎಂಜಿನ್ನನ್ನು ನೋಡುವಷ್ಟೇ ಹೊತ್ತು ಮಾರುವವನನ್ನೂ ನೋಡಿದರೆ, ಈ ಲೇಖನದ ಶ್ರಮ ಸಾರ್ಥಕ.