ಭಾನುವಾರ ಕಾಣೆಯಾಗುವ ದಾರಿ

‘ಎಷ್ಟು ದೂರ?’ ಎಂದರೆ ನಮ್ಮಲ್ಲಿ ಕಿಲೋಮೀಟರು ಹೇಳುವವರು ಕಡಿಮೆ. ‘ಎರಡು ಗಂಟೆ ದಾರಿ’ ಅನ್ನುತ್ತೇವೆ, ಹತ್ತಿರವಿದ್ದರೆ ಕೂಗಳತೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೂ ಅದೇ ಲೆಕ್ಕ ವಾಸಿ.

ಹೂ ಕಟ್ಟುವ ದಾರದ ಒಂದು ತುದಿಯನ್ನು ಗ್ಲೋಬಿನ ಬೆಂಗಳೂರಿಗೆ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಒತ್ತಿ ಹಿಡಿದು ಎಳೆದು ನೋಡಿ. ಪೆಸಿಫಿಕ್ ಸಾಗರದ ಮೇಲಿದ್ದ ದಾರ ಬಿಗಿಯಾಗುತ್ತಲೇ ಮೇಲಕ್ಕೆ ಜಾರುತ್ತದೆ. ಟಿಬೆಟ್, ಸೈಬೀರಿಯಾ, ಅಲಾಸ್ಕಾ ದಾಟಿ ಕ್ಯಾಲಿಫೋರ್ನಿಯಾಕ್ಕೆ ಇಳಿಯುತ್ತದೆ. ಸುಮಾರು 14,000 ಕಿ.ಮೀ., ಭೂಮಿಯ ಸುತ್ತಳತೆಯ ಮೂರನೇ ಒಂದು ಪಾಲಿಗಿಂತ ಜಾಸ್ತಿ.

ವಿಮಾನ ಮಾತ್ರ ಆ ದಾರದ ಮೇಲೆ ಹೋಗುವುದಿಲ್ಲ. ಒಳಗಿನ ಗಾಳಿಯೊತ್ತಡ ಕುಸಿದರೆ ಅದು 10,000 ಅಡಿಯವರೆಗೆ ಕೆಳಗಿಳಿಯಬೇಕು. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಮೇಲಿದೆ! ಯುದ್ಧ, ಮುಚ್ಚಿದ ವಾಯುಪ್ರದೇಶಗಳ ಸುತ್ತುಬಳಸು ಬೇರೆ.

ಇನ್ನು ಗಾಳಿ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಎಂಬ ಬಿರುಗಾಳಿ ಬೆನ್ನಿಗಿದ್ದರೆ ಬಳಸುದಾರಿಯೇ ಹತ್ತಿರ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಹೋಯಿತು. ದಾರಿ ಸಾವಿರ ಕಿಲೋಮೀಟರಿಗೂ ಹೆಚ್ಚು ಉದ್ದವಾಯಿತು, ಆದರೂ ಸುಮಾರು ಎರಡು ಗಂಟೆ ಉಳಿಯಿತು. ಊರಿನ ಬಸ್ಸಿನವರು ‘ಬೈಪಾಸ್‌ನಲ್ಲಿ ಹೋದ್ರೆ ಬೇಗ’ ಅನ್ನುವುದೂ ಇದನ್ನೇ.

ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನೇರ ವಿಮಾನ ಮೊದಲು ಹೊರಟದ್ದು 2021ರ ಜನವರಿ 9ರ ಶನಿವಾರ ರಾತ್ರಿ. ಕ್ಯಾಪ್ಟನ್ ಜೋಯಾ ಅಗರವಾಲ್ ನೇತೃತ್ವದ, ಕಾಕ್‌ಪಿಟ್‌ನಲ್ಲಿ ಹೆಂಗಸರೇ ಇದ್ದ ತಂಡ ಉತ್ತರ ಧ್ರುವದ ಕಡೆಯಿಂದ ಹಾರಿಸಿಕೊಂಡು ಬಂದಿತು. ಸುಮಾರು 17 ಗಂಟೆಯ ಹಾರಾಟ. ದೇವನಹಳ್ಳಿಯಲ್ಲಿ ಇಳಿದಾಗ ಸೋಮವಾರದ ಬೆಳಗಿನ ಜಾವ.

ಹಾಗಾದರೆ ಭಾನುವಾರ? ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಅಲ್ಲಿ ಶನಿವಾರ ರಾತ್ರಿ ಎಂಟೂವರೆಗೆ ವಿಮಾನ ಏರಿದರೆ ಇಲ್ಲಿ ಭಾನುವಾರ ಬೆಳಿಗ್ಗೆ ಹತ್ತು. ಮಿಕ್ಕ ಭಾನುವಾರ ಆಕಾಶದಲ್ಲೇ ಮುಗಿಯುತ್ತದೆ. ಹೋಗುವಾಗ ಇದರ ತಿರುಗುಮುರುಗು. ಮಧ್ಯಾಹ್ನ ಎರಡಕ್ಕೆ ಹೊರಟು 17 ಗಂಟೆ ಕೂತರೂ ಅಲ್ಲಿ ಅದೇ ದಿನ ಸಂಜೆ ಐದೂವರೆ. ಆಗ ಸಿಕ್ಕಿದ್ದನ್ನೇ ವಾಪಸ್ ಬರುವಾಗ ಬಡ್ಡಿಯಿಲ್ಲದೆ ಹಿಂದಿರುಗಿಸುವುದು.

ಮಗಳ ಬಾಣಂತನ ಮುಗಿಸಿ ಬಂದ ನಮ್ಮ ಬೀದಿಯ ಅಜ್ಜಿಗೆ ಈ ಲೆಕ್ಕ ಒಪ್ಪಿಗೆಯಾಗಲಿಲ್ಲ. ಚಟ್ನಿಪುಡಿ ಹೋಗಿದ್ದ ಸೂಟ್‌ಕೇಸಿನಿಂದ ಬಾದಾಮಿ ಪೊಟ್ಟಣ ತೆಗೆಯುತ್ತಾ ಕೇಳಿದರು: “ಶನಿವಾರ ಉಂಡು ಹತ್ತಿದೆ, ಸೋಮವಾರ ಕಾಫಿ ಹೊತ್ತಿಗೆ ಇಳಿದೆ. ನಡುವೆ ಏಕಾದಶಿ ಇತ್ತಲ್ಲಪ್ಪಾ, ಅದನ್ನು ಯಾವಾಗ ಮಾಡಿದ ಹಾಗಾಯ್ತು?”

ನಾನು ತಲೆ ಕೆರೆದುಕೊಂಡೆ.

“ಇರಲಿ ಬಿಡು, ವಿಮಾನದಲ್ಲಿ ಎರಡು ಸಲ ಊಟ ಕೊಟ್ಟರು. ಒಂದನ್ನ ಮುಟ್ಟಲಿಲ್ಲ.”